ಅವ್ವನ ಗಿಂಡಿಯಲ್ಲಿ ಸೇವಂತಿಗೆ

ನನಗೆ ಕೋಪವೇ ಬರುವುದಿಲ್ಲವೆಂದು ಹೊಳಲ್ಕೆರೆಯಲ್ಲಿ ಒಂದು ಹೆಸರಿದೆ. ಹಾಗೆ ಹೇಳುವವರು ಯಾರೂ ನಮ್ಮ ಮನೆಯ ಹೊಸ್ತಿಲು ದಾಟಿದವರಲ್ಲ. ಶಾಲೆಯಲ್ಲಿ ಮಕ್ಕಳ ಮುಂದೆ, ಕಚೇರಿಯಲ್ಲಿ ಅಮಲ್ದಾರರ ಮುಂದೆ ನುಂಗಿಕೊಂಡ ಕೋಪವನ್ನೆಲ್ಲ ನಾನು ಜೋಪಾನವಾಗಿ ಮನೆಗೆ ತರುತ್ತೇನೆ. ಮೇಷ್ಟರ ಸಂಬಳದಲ್ಲಿ ದಿನವೂ ಮನೆಗೆ ತರಬಹುದಾದದ್ದು ಅದೊಂದೇ.

ಮೊನ್ನೆ ಭಾನುವಾರ ಸ್ನಾನ ಮುಗಿಸಿ, ಪೂಜೆಗೆ ಹೂ ತರಲು ಹಿತ್ತಲಿಗೆ ಹೋದೆ. ನಾನೇ ನೀರು ಹೊತ್ತು ಬೆಳೆಸಿದ ಸೇವಂತಿಗೆ ಗಿಡಗಳು ಕ್ಷೌರ ಮಾಡಿಸಿಕೊಂಡವರಂತೆ ನಿಂತಿದ್ದವು. ಕುರಿ ನುಗ್ಗಿರಬೇಕೆಂದು ಬೇಲಿ ನೋಡಿದರೆ ಬೇಲಿ ಭದ್ರವಾಗಿತ್ತು. ಬೈಯುವುದಕ್ಕೆ ಕುರಿಯೂ ಸಿಕ್ಕಲಿಲ್ಲವಲ್ಲ ಎಂದು ಒಳಗೆ ಬಂದೆ.

ಪಡಸಾಲೆಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ! ಬಾಯಿ ಮುಕ್ಕಾದ ಉಪ್ಪಿನಕಾಯಿ ಭರಣಿಯಲ್ಲಿ ಚೆಂಡುಹೂಗಳು ಜಗಳವಾಡಿಕೊಂಡವರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ರಾಗಿ ಅಳೆಯುವ ಹಳೆಯ ಸೇರಿನಲ್ಲಿ ದಾಸವಾಳ. ನನ್ನ ತಂದೆಯ ಮಸಿಕುಡಿಕೆಯಲ್ಲಿ ಎರಡು ಕನಕಾಂಬರ. ಹೂವೆಂದರೆ ದೇವರ ತಲೆಗೆ, ಇಲ್ಲವೇ ಹೆಂಗಸರ ಮುಡಿಗೆ. ಪಾತ್ರೆಗೆ ಹೂ ಮುಡಿಸುವ ಪದ್ಧತಿಯನ್ನು ನಾನು ಕಂಡಿರಲಿಲ್ಲ. ಇಡುವುದೇ ಆದರೆ ಸಾಲಾಗಿ, ಸಮನಾಗಿ ಇಡಬಾರದೇ? ಇದು ಮೈಸೂರಿನಿಂದ ಹೊಸದಾಗಿ ಬಂದ ಅಮಲ್ದಾರರ ಹೆಂಡತಿಯಿಂದ ಕಲಿತ ವಿದ್ಯೆಯೇ ಸರಿ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಹಿಂದಿನ ವಾರ ನನ್ನ ಹೆಂಡತಿ ಗೌರಮ್ಮ ಅವರ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದಳು. ಸಾಕ್ಷಿ ಇನ್ನೇನು ಬೇಕು?

ಅಷ್ಟರಲ್ಲಿ ಗೋಡೆಯ ಗೂಡಿನ ಕಡೆ ಕಣ್ಣು ಹೋಯಿತು. ಅಲ್ಲಿ ಅವ್ವನ ಹಿತ್ತಾಳೆ ಗಿಂಡಿ. ತವರು ಭರಮಸಾಗರದಿಂದ ಅವಳು ತಂದದ್ದು; ಅದನ್ನು ಬಿಟ್ಟು ಬೇರೆಯದರಲ್ಲಿ ಅವಳು ನೀರು ಕುಡಿದವಳಲ್ಲ. ಅದರ ಕತ್ತಿನಿಂದ ನನ್ನ ಸೇವಂತಿಗೆಗಳು ಹೊರಗೆ ಜೋಲುತ್ತಿದ್ದವು. ಆಮೇಲೆ ನಾನು ಆಡಿದ ಮಾತುಗಳನ್ನು ಬರೆಯಲಾರೆ. ಅಮಲ್ದಾರರ ಮನೆಯ ಷೋಕಿಗೆ ಸತ್ತವಳ ಪಾತ್ರೆಯೇ ಬೇಕಿತ್ತೇ ಎಂದು ಕೂಗಿದ್ದು ನೆನಪಿದೆ. ಹೂಗಳನ್ನು ಎಳೆದು ಅಂಗಳಕ್ಕೆ ಎಸೆದೆ. ಗಿಂಡಿಯ ನೀರು ನನ್ನ ಮಡಿಪಂಚೆಯ ಮೇಲೆಯೇ ಚೆಲ್ಲಿ ಕೋಪ ಇಮ್ಮಡಿಯಾಯಿತು.

ಗೌರಮ್ಮ ರೊಟ್ಟಿಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಾನು ಉಸಿರು ತೆಗೆದುಕೊಳ್ಳುವವರೆಗೂ ಕಾದಳು.

"ಇದು ಅಮಲ್ದಾರ್ರ ಮನೆಯೋರು ಕಲಿಸಿದ್ದಲ್ಲ" ಎಂದಳು. "ಅತ್ತೆಯೋರು ಕಲಿಸಿದ್ದು. ಹಾಸಿಗೆ ಹಿಡಿದ ಮ್ಯಾಲೆ ಹಿತ್ತಲಿಗೆ ಹೋಗಾಕೆ ಆಗ್ತಿರಲಿಲ್ಲ. ದಿನಾ ಎರಡು ಹೂ ಕೊಯ್ದು ಈ ಗಿಂಡಿಯಾಗೆ ಹಾಕಿ ಕಣ್ಣಿಗೆ ಕಾಣೋ ಹಂಗೆ ಇಡು ಅಂತಿದ್ರು. ನೀವು ಆಗ ಹಿರಿಯೂರಾಗಿದ್ರಿ."

ಹೌದು, ಹಿರಿಯೂರಿನಲ್ಲಿದ್ದೆ. ಮಹಾರಾಜರ ಸರ್ಕಾರ ನನ್ನನ್ನು ಅಲ್ಲಿಗೆ ವರ್ಗ ಮಾಡಿತ್ತು. ರಜೆ ಕೇಳಿದರೆ ಸಾಹೇಬರು ಏನನ್ನುವರೋ ಎಂದು ಹೆದರಿ, ಕೇಳುವುದನ್ನು ಮುಂದಕ್ಕೆ ಹಾಕುತ್ತ ಹೋದೆ. ಕೊನೆಗೆ ಗಾಡಿ ಕಟ್ಟಿಸಿಕೊಂಡು ಬಂದಾಗ ಮಣ್ಣೂ ಆಗಿಹೋಗಿತ್ತು.

"ಗಿಂಡಿ ಅಟ್ಟದ ಮ್ಯಾಲೆ ಕಿಲುಬು ಹಿಡಿದು ಬಿದ್ದಿತ್ತು, ನಿನ್ನೆ ಇಳಿಸಿ ತಿಕ್ಕಿದೆ. ಇಷ್ಟು ವರ್ಷದಾಗೆ ನೀವು ಒಂದಿನಾನೂ ಎಲ್ಲೈತೆ ಅಂತ ಕೇಳಲಿಲ್ಲ" ಎಂದು ಹೇಳಿ ಅವಳು ಒಲೆಯ ಹತ್ತಿರ ಹೋದಳು. ರೊಟ್ಟಿ ತಟ್ಟುವ ಸದ್ದು ಅಂದು ಸ್ವಲ್ಪ ಜೋರಾಗಿಯೇ ಇತ್ತು.

ನಾನು ಅಂಗಳಕ್ಕಿಳಿದು ಹೂ ಆರಿಸತೊಡಗಿದೆ. ಅರ್ಧಕ್ಕರ್ಧ ಕತ್ತು ಮುರಿದಿದ್ದವು. ಉಳಿದವನ್ನು ಒಂದೇ ಅಳತೆಗೆ ಚಿವುಟಿ, ದಾರದಿಂದ ಬಿಗಿದು, ಗಿಂಡಿಯಲ್ಲಿ ನಿಲ್ಲಿಸಿದೆ. ಡ್ರಿಲ್ಲಿಗೆ ನಿಂತ ಮಕ್ಕಳಂತೆ ನೆಟ್ಟಗಿದ್ದವು, ನನಗೆ ತೃಪ್ತಿಯಾಯಿತು. ಗೌರಮ್ಮ ಬಂದು ನೋಡಿ, ದಾರ ಬಿಚ್ಚಿದಳು. ಹೂಗಳು ತಮ್ಮ ಪಾಡಿಗೆ ಒಂದರ ಮೇಲೊಂದು ಒರಗಿಕೊಂಡವು.

"ಬಿಗೀಬ್ಯಾಡ್ರಿ. ಬಿಗಿದ್ರೆ ಸೌದೆ ಹೊರೆ ಕಂಡಂಗೆ ಕಾಣ್ತೈತೆ ಅಂತಿದ್ರು ಅತ್ತೆ."

ಅವ್ವ ಹಾಗೆನ್ನುತ್ತಿದ್ದಳೆಂಬುದೂ ನನಗೆ ಗೊತ್ತಿರಲಿಲ್ಲ.

ಇದೆಲ್ಲ ಆಗಿ ನಾಲ್ಕು ದಿನವಾಯಿತು. ಕೋಪ ಇಳಿಯಿತೇ ಎಂದರೆ, ಇಲ್ಲ. ಹೆಂಡತಿಯ ಮೇಲೆ ಹಾಕುವಂತಿಲ್ಲ, ಸಾಹೇಬರ ಮೇಲೆ ಹಾಕೋಣವೆಂದರೆ ನಾನು ರಜೆಯನ್ನೇ ಕೇಳಿರಲಿಲ್ಲ. ಇನ್ನು ಉಳಿದವನು ಒಬ್ಬನೇ. ಅವನನ್ನು ಬೈದು ನನಗೆ ಅಭ್ಯಾಸವಿಲ್ಲ.