ಮೈಕಣ್ಣನ ಗೇರ್ ದೀಪ

ಸಾವಿರ ಜನರನ್ನು ಒಂದೇ ಮಾತಿಗೆ ಎಬ್ಬಿಸಿ ಓಡಿಸುವ ಗಂಡಸಿಗೆ ಹೆಂಡತಿಯ ಕೈಯಲ್ಲಿ ಒಂದು ಗೇರ್ ಹಾಕಿಸಲು ಆಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮೈಕಣ್ಣನಿಗೆ ಮಾತ್ರ ಅಳು ಬರುತ್ತಿತ್ತು.

ಮೈಕಣ್ಣ ರೈಲು ನಿಲ್ದಾಣದ ಅನೌನ್ಸರ್. (ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಈಗ ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಕೂಗುವುದಿಲ್ಲ.) ರೈಲು ಮೂರನೇ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ತನ್ನ ತುಂಬುಗಂಟಲಿನಲ್ಲಿ ಅವನು ಹೇಳಿದರೆ ಸಾಕು, ತೂಕಡಿಸುತ್ತಿದ್ದವರೆಲ್ಲ ಮಕ್ಕಳು ಮರಿ, ಗಂಟುಮೂಟೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಓಡುತ್ತಾರೆ. ಎರಡನೆಯದಕ್ಕೆ ಬಂದರೆ ಆಗುವುದಿಲ್ಲವೇ ಎಂದು ಒಬ್ಬ ನರಪಿಳ್ಳೆಯೂ ಎದುರು ಕೇಳುವುದಿಲ್ಲ. ಅದೇ ಗಂಟಲಿನಲ್ಲಿ ಕಾರೊಳಗೆ ಕೂತು "ಮೂರನೇ ಗೇರ್" ಎಂದರೆ ಮಾತ್ರ ಯುದ್ಧ.

ಕಾರು ಓಡಿಸುವವಳು ಹೆಂಡತಿ. ಮೈಕಣ್ಣನಿಗೆ ಲೈಸೆನ್ಸ್ ಇಲ್ಲ. ಪರೀಕ್ಷೆಯ ದಿನ ಹಿಂದಕ್ಕೆ ತೆಗೆಯಿರಿ ಎಂದಾಗ ಅವನು ತೆಗೆದ ರಭಸಕ್ಕೆ, ಪರೀಕ್ಷೆ ಮಾಡಲು ಬಂದವನ ಸ್ಕೂಟರ್ ಇಂದಿಗೂ ಕುಂಟುತ್ತಿದೆ. ಹೆಂಡತಿ ಒಂದೇ ಸಲಕ್ಕೆ ಪಾಸು. ಆದರೆ ಅವಳು ದಿನವಿಡೀ ಹೊಲಿಗೆ ಅಂಗಡಿಯಲ್ಲಿ ಮೋಟಾರ್ ಮಿಷನ್ ತುಳಿಯುವವಳು. ಪೆಡಲ್ ಕಂಡರೆ ಪೂರ್ತಿ ಒತ್ತಬೇಕು, ಮಿಷನ್ ಗಿರ್ರೆಂದು ಕೂಗಿದರೆ ಕೆಲಸ ಸಾಗುತ್ತಿದೆ ಎಂದೇ ಅವಳ ಲೆಕ್ಕ. ಹಾಗಾಗಿ ಕಾರು ಎರಡನೇ ಗೇರಿನಲ್ಲೇ ಪ್ರಾಣ ಹೋಗುವಂತೆ ಅರಚುತ್ತಿದ್ದರೂ ಅವಳ ಮುಖದಲ್ಲಿ ಪರಮ ಶಾಂತಿ.

"ಗೇರ್ ಕಣೇ."

"ಕೇಳಿಸ್ತು."

"ಕೇಳಿಸಿದ್ರೆ ಹಾಕು ಮತ್ತೆ."

"ನೀವು ಹೇಳಿದ್ರಲ್ಲ, ಅದಕ್ಕೇ ಹಾಕಲ್ಲ."

ಹೀಗೆ ನಡೆಯುತ್ತಿದ್ದ ಸಂಸಾರರಥ ಒಂದು ದಿನ ಪೆಟ್ರೋಲ್ ಬಂಕಿನ ಮುಂದೆ ನಿಂತಿತು. ಹೆಂಡತಿ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು, ಮುಂದಿನ ಗಾಜನ್ನೇ ನೋಡುತ್ತ ತೀರ್ಪು ಕೊಟ್ಟಳು.

"ಇನ್ನೊಂದು ಸಲ ನಿಮ್ಮ ಬಾಯಲ್ಲಿ ಗೇರ್ ಅನ್ನೋ ಮಾತು ಬಂತೋ, ನೀವು ಹಿಂದಿನ ಸೀಟು. ಅತ್ತೆ ಮುಂದೆ ಕೂತ್ಕೋತಾರೆ. ಅವರಿಗೂ ಮಂಡಿನೋವು, ಕಾಲು ಚಾಚೋಕೆ ಜಾಗ ಸಿಗುತ್ತೆ."

ಹಿಂದಿನ ಸೀಟಿನಿಂದ ಮೈಕಣ್ಣನ ಅಮ್ಮ, "ನಾನೇನೂ ಬಾಯಿಬಿಟ್ಟು ಕೇಳಿಲ್ಲಪ್ಪ" ಎಂದರು. ಆದರೆ ಹಾಗೆನ್ನುವಾಗಲೇ ಅವರ ಕಾಲು ಚಪ್ಪಲಿಗಾಗಿ ತಡಕಾಡುತ್ತಿತ್ತು.

ಹಿಂದಿನ ಸೀಟೆಂದರೆ ಮೈಕಣ್ಣನ ಮಂಡಿ ಅವನ ಗಲ್ಲಕ್ಕೆ ತಾಗುತ್ತದೆ, ಎರಡು ತಿರುವು ದಾಟಿದರೆ ಹೊಟ್ಟೆ ತೊಳೆಸುತ್ತದೆ. ಅದೂ ಹೋಗಲಿ ಎನ್ನಿ. ಅವನಿಗೆ ಸಂಜೆಯಿಂದ ಡ್ಯೂಟಿ, ಅವಳಿಗೆ ಬೆಳಿಗ್ಗೆಯಿಂದ ಅಂಗಡಿ. ಗಂಡ ಹೆಂಡತಿ ವಾರಕ್ಕೊಂದೆರಡು ಸಲ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದದ್ದು ಆ ಕಾರಿನ ಮುಂದಿನ ಸೀಟುಗಳಲ್ಲಿ ಮಾತ್ರ. ಅವಳು ಕನ್ನಡಿ ನೋಡಿ ಕೂದಲು ಹಿಂದಕ್ಕೆ ಸರಿಸಿಕೊಳ್ಳುವುದನ್ನು ನೋಡಲು ಅವನಿಗೆ ಇಷ್ಟ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತು ಅವನ ಬಾಯಿಗೆ ಬಂದಿಲ್ಲ. ಬಾಯಿಗೆ ಬರುವುದು ಗೇರ್ ಒಂದೇ.

ಮುಂದಿನ ಭಾನುವಾರ ಊರಾಚೆ ಗುಡ್ಡದ ಮೇಲೆ ಮೈಕಣ್ಣನ ತಮ್ಮ ಕಟ್ಟಿಸಿದ ಹೊಸ ಮನೆ ನೋಡಲು ಹೋಗಬೇಕಿತ್ತು. ದಾರಿಯುದ್ದಕ್ಕೂ ತುಟಿ ಹೊಲಿದುಕೊಂಡು ಕೂರುವುದು ಆಗದ ಮಾತು. ಯೋಚಿಸಿ ಯೋಚಿಸಿ ಮೈಕಣ್ಣನಿಗೆ ಮಹಾ ಉಪಾಯವೊಂದು ಹೊಳೆಯಿತು: ಹೇಳುವ ಕೆಲಸವನ್ನು ತಾನು ಬಿಟ್ಟು ಒಂದು ದೀಪಕ್ಕೆ ವಹಿಸಬೇಕು. ಎಂಜಿನ್ ಅರಚತೊಡಗಿದ ಕೂಡಲೇ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ದೀಪ ಹತ್ತಬೇಕು, ಅವಳು ನೋಡಿ ಗೇರ್ ಬದಲಿಸಬೇಕು. ದೀಪದ ಜೊತೆ ಯಾರು ಜಗಳವಾಡುತ್ತಾರೆ?

ತಿಳಿದವರು ಇಂಥದ್ದಕ್ಕೆ ಎಂಜಿನ್ನಿನಿಂದಲೇ ತಂತಿ ಎಳೆಯುತ್ತಾರಂತೆ. ಮೈಕಣ್ಣನಿಗೆ ಬಾನೆಟ್ ತೆರೆಯುವುದು ಹೇಗೆಂದೇ ಗೊತ್ತಿರಲಿಲ್ಲ. ಬದುಕಿನಲ್ಲಿ ಅವನಿಗೆ ಗೊತ್ತಿದ್ದ ಯಂತ್ರ ಮೈಕು. ಆದ್ದರಿಂದ ಒಂದು ಸೋಪಿನ ಡಬ್ಬಿಯೊಳಗೆ ಪುಟ್ಟ ಮೈಕು ಕೂರಿಸಿದ, ಹಳೆಯ ರೇಡಿಯೋದ ಕರುಳು ಕಿತ್ತು ತುಂಬಿದ, ಮೇಲೆ ಕೆಂಪು ಬಲ್ಬು ಸಿಕ್ಕಿಸಿದ. ಪಕ್ಕದ ತಿರುಪು ತಿರುಗಿಸಿ ಒಂದು ಸ್ವರಕ್ಕೆ ಕೂರಿಸಿಬಿಟ್ಟರೆ, ಆ ಸ್ವರ ಕೇಳಿದಾಗ ಮಾತ್ರ ದೀಪ ಹತ್ತುತ್ತದೆ. ಈ ಆವಿಷ್ಕಾರದ ಪ್ರಸವಕಾಲದಲ್ಲಿ ಊಟದ ಮೇಜಿನ ಹೊದಿಕೆಗೆ ಮೂರು ತೂತು ಬಿದ್ದವು, ಹೆಂಡತಿಯ ಒಳ್ಳೆಯ ಕತ್ತರಿಯ ಬಾಯಿ ಮುರಿಯಿತು, ಮನೆಯ ಫ್ಯೂಸ್ ಹೋಗಿ ಅಮ್ಮ ಕತ್ತಲಲ್ಲಿ ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದರು.

ಇನ್ನು ಎಂಜಿನ್ನಿನ ಸ್ವರ ಗುರುತಿಸುವವರು ಯಾರು? ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಹಾಡು ಕಲಿಸಿದವರು. ತಟ್ಟೆ ಬಿದ್ದರೂ ಅದರ ಸ್ವರ ಹೇಳುವ ಕಿವಿ.

"ಡಬ್ಬ ಗಾಡಿ ಕೇಳೋಕೆ ಇಟ್ಕೊಂಡಿರೋ ಕಿವಿಯಲ್ಲ ಕಣೋ ಇದು" ಎಂದು ಗೊಣಗಿದರೂ ಕಾರು ಹತ್ತಿದರು. ಹೆಂಡತಿ ಮೈದಾನದ ಸುತ್ತ ಎರಡನೇ ಗೇರಿನಲ್ಲಿ ಓಡಿಸಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿ, "ಹಾಂ, ಇಲ್ಲಿಂದ ಮುಂದಕ್ಕೆ ಹೋದರೆ ಪಾಪ, ಅದಕ್ಕೆ ಗಂಟಲು ಕಟ್ಟುತ್ತೆ" ಎಂದು ಆ ಸ್ವರವನ್ನು ಮನಸ್ಸಿನಲ್ಲೇ ಹಿಡಿದು ಮನೆಗೆ ತಂದರು.

ತಂದದ್ದೇನೋ ಸರಿ, ಅದು ಅವರ ಗಂಟಲಿಗೆ ಎಟುಕದಷ್ಟು ಕೆಳಗಿತ್ತು. "ನೀನೇ ಗುನುಗು, ನಾನು ತಿದ್ದುತೀನಿ" ಎಂದರು. ಮೈಕಣ್ಣ ಮೇಜಿನ ಮೇಲೆ ಡಬ್ಬಿ ಇಟ್ಟುಕೊಂಡು "ಮ್‌ಮ್‌ಮ್" ಎಂದ.

"ಇನ್ನೂ ಕೆಳಗೆ. ಇಷ್ಟು ಬೇಡ, ಚೂರು ಮೇಲೆ. ಮೂಗಲ್ಲಿ ಹಾಡಬೇಡ. ಹಾಂ, ಅಲ್ಲೇ ನಿಲ್ಲು, ಅಲುಗಾಡಬೇಡ."

ಅವನು ಅಲುಗಾಡದೆ ಗುನುಗುತ್ತಲೇ ತಿರುಪು ತಿರುಗಿಸಿದ. ಕೆಂಪು ದೀಪ ಹತ್ತಿತು. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರಾಡಿತು. ಅಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರೀ ಅದು, ಸೋಪಿನ ಡಬ್ಬಿಗೆ ಜೋಗುಳ ಹಾಡ್ತಿದ್ದೀರಾ?"

ಮರುದಿನ ಮಾರುಕಟ್ಟೆಗೆ ಹೋಗುವಾಗ ಪವಾಡವೇ ನಡೆಯಿತು. ಎಂಜಿನ್ ಕೂಗಿತು, ದೀಪ ಹತ್ತಿತು, ಹೆಂಡತಿ ತುಟಿಪಿಟಕ್ಕೆನ್ನದೆ ಮೂರನೇ ಗೇರ್ ಹಾಕಿದಳು. ಮತ್ತೆ ಹತ್ತಿತು, ನಾಲ್ಕಕ್ಕೆ ಹಾಕಿದಳು. ಮೈಕಣ್ಣ ಹೆಂಡತಿಯ ತೀರ್ಪಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ. ಹೋಗಿ ಬರುವವರೆಗೂ ಇದೇ ಸುಖ.

"ನಿಮಗಿಂತ ಇದೇ ವಾಸಿ. ಒಂದು ಸಲ ಹೇಳುತ್ತೆ, ಸುಮ್ಮನಾಗುತ್ತೆ. ಹಳೇದೆಲ್ಲ ಎತ್ತಿ ಆಡಲ್ಲ" ಎಂದಳು. ಮೈಕಣ್ಣ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ, ಪಾಪ.

ಭಾನುವಾರ ಬಂತು. ಅಮ್ಮ ಹಿಂದೆ, ಅವನು ಮುಂದೆ. ಊರಿನ ಗದ್ದಲದಲ್ಲಿ ನಿಂತು ನಿಂತು ಸಾಗುತ್ತಿದ್ದಾಗ ಹೆಂಡತಿ ಕನ್ನಡಿ ನೋಡಿ ಕೂದಲು ಸರಿಸಿಕೊಂಡು ಅವನತ್ತ ತಿರುಗಿದಳು.

"ಯಾಕ್ರೀ ಇಷ್ಟು ಸುಮ್ಮನಿದ್ದೀರ? ಏನಾದರೂ ಮಾತಾಡಿ. ಗೇರ್ ಒಂದು ಬಿಟ್ಟು ಏನು ಬೇಕಾದರೂ ಹೇಳಿ, ಕೇಳ್ತೀನಿ."

ಏನು ಬೇಕಾದರೂ! ಮೈಕಣ್ಣ ಅವಳತ್ತ ವಾಲಿದ. ಇಷ್ಟು ವರ್ಷದಿಂದ ಗಂಟಲಲ್ಲಿ ಕೂತಿದ್ದ ಮಾತನ್ನು ಹೊರಗೆ ತರಲು ತನ್ನ ಅತ್ಯಂತ ಮೃದುವಾದ, ತುಂಬು ದನಿಯಲ್ಲಿ, "ನೋಡು, ನಿನ್ನ ಹತ್ರ..." ಎಂದ.

ಕೆಂಪು ದೀಪ ಹತ್ತಿತು. ಅವಳು ಆಗತಾನೇ ಒಂದನೇ ಗೇರಿನಿಂದ ಎರಡಕ್ಕೆ ಬಂದಿದ್ದಳು. ದೀಪದ ಮಾತು ಮೀರುವಂತಿಲ್ಲವಲ್ಲ, ಮೂರಕ್ಕೆ ಹಾಕಿದಳು. ಕಾರು ಕೆಮ್ಮಿ, ನಡುಗಿ, ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಲಾರಿಯವನು ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ.

"ಕ್ಲಚ್ ಸರಿಯಾಗಿ ಬಿಡಬೇಕು ಕಣೇ" ಎಂದ ಮೈಕಣ್ಣ. ದೀಪ ಹತ್ತಿತು. ಕಾರು ಇನ್ನೂ ಹೊರಟೇ ಇರಲಿಲ್ಲ.

ವಿಷಯ ಅವನಿಗೆ ಆ ಕ್ಷಣವೇ ಅರ್ಥವಾಗಿಹೋಯಿತು. ತಕ್ಷಣ ಬಾಯಿ ಮುಚ್ಚಿಕೊಂಡ. ಹೆಂಡತಿ ಹೇಗೋ ಕಾರನ್ನು ಪಕ್ಕಕ್ಕೆ ತಂದು, ಎಂಜಿನ್ ಪೂರ್ತಿ ಆಫ್ ಮಾಡಿದಳು.

"ಏನಾಯ್ತು ಇದಕ್ಕೆ?"

ಮೈಕಣ್ಣ ಭುಜ ಕುಣಿಸಿದ.

"ಬಾಯಿಬಿಟ್ಟು ಹೇಳಿ."

ತಲೆಯಾಡಿಸಿದ.

"ಕೋಪಾನಾ?"

ಇಲ್ಲವೆಂದು ಕೈಯಾಡಿಸಿದ.

"ರೀ, ಒಂದು ಮಾತು ಹೇಳಿ ಅಂದ್ರೆ."

"ಏನಿಲ್ಲ" ಎಂದ ಮೈಕಣ್ಣ. ಸತ್ತ ಎಂಜಿನ್ನಿನ ಮುಂದೆ ಕೆಂಪು ದೀಪ ಧಗಧಗ ಉರಿಯಿತು.

ಹೆಂಡತಿ ದೀಪ ನೋಡಿದಳು, ಅವನನ್ನು ನೋಡಿದಳು. ಹಿಂದಿನಿಂದ ಅಮ್ಮ ಹೆಮ್ಮೆಯಿಂದಲೇ ಎಂದರು, "ಅದೇ ಸ್ವರ. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನೇ ಕೂರಿಸಿಕೊಟ್ಟಿದ್ದಲ್ವಾ ಅವನ ಗಂಟಲಿಗೆ."

"ಅಂದ್ರೆ ನೀವು ಮಾತಾಡಿದಾಗೆಲ್ಲ ಇದು ಹತ್ತುತ್ತೆ."

"ಡಬ್ಬಿ ತೆಗೆದುಬಿಡ್ತೀನಿ" ಎಂದ. (ಹತ್ತಿತು.)

"ಅದನ್ನು ಮುಟ್ಟಿದ್ರೆ ನೋಡಿ. ಈ ವಾರ ಜಗಳವಿಲ್ಲದೆ ಗಾಡಿ ಓಡಿಸಿದ್ದೀನಿ, ನನ್ನ ಜೀವನದಲ್ಲೇ ಮೊದಲು. ಡಬ್ಬಿ ಇಲ್ಲೇ ಇರುತ್ತೆ. ಅದಕ್ಕೆ ಅಡ್ಡ ಬರೋರು ಹಿಂದೆ ಹೋಗಲಿ. ಅತ್ತೆ, ಬನ್ನಿ ಮುಂದೆ."

"ನಾನು ಗೇರ್ ಅಂತ ಅನ್ನಲೇ ಇಲ್ವಲ್ಲೇ" ಎಂದು ಮೈಕಣ್ಣ ಅಂಗಲಾಚಿದ. ಒಳ್ಳೆಯ ವಾದವೇ, ಆದರೆ ಅಷ್ಟರಲ್ಲಿ ಅಮ್ಮ ಕೆಳಗಿಳಿದು ಅವನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗಿತ್ತು. ಆ ಮಂಡಿಗೆ ಅಷ್ಟು ವೇಗ ಎಲ್ಲಿಂದ ಬಂತೋ.

ಕಾರು ಊರು ದಾಟಿ ಗುಡ್ಡದ ರಸ್ತೆ ಹಿಡಿಯಿತು. ಮುಂದೆ ಅತ್ತೆ ಸೊಸೆ ನಗುತ್ತ ಹರಟುತ್ತಿದ್ದರು. ದೀಪ ಹತ್ತಿದಾಗ ಅತ್ತೆ "ಹತ್ತಿತು ನೋಡಮ್ಮ" ಎನ್ನುವುದು, ಸೊಸೆ "ಆಯ್ತತ್ತೆ" ಎಂದು ಗೇರ್ ಹಾಕುವುದು. ಹಿಂದೆ ಮೈಕಣ್ಣ ಮಂಡಿಯ ನಡುವೆ ಮುಖವಿಟ್ಟು, ತಿರುವು ತಿರುವಿಗೂ ಬಾಯಿಗೆ ಬರುವ ಹೊಟ್ಟೆಯನ್ನು ನುಂಗುತ್ತಿದ್ದ. ಇಲ್ಲಿಂದ ತನ್ನ ದನಿ ಡಬ್ಬಿಗೂ ಮುಟ್ಟುವುದಿಲ್ಲ, ಹೆಂಡತಿಗೂ ಮುಟ್ಟುವುದಿಲ್ಲ ಎಂದು ಅವನಿಗೆ ಸಂಕಟವಾಯಿತು. ಇನ್ನು ಮುಂದೆ ಪ್ರತಿ ಭಾನುವಾರ ಅವಳ ಜಡೆಯ ಬುಡ ನೋಡುವುದೇ ತನ್ನ ಪಾಲು.

ಕಡೆಯ ಏರಿನಲ್ಲಿ ಎರಡನೇ ಗೇರಿನ ಎಂಜಿನ್ ಮತ್ತೆ ಅರಚಿತು. ಆ ಗದ್ದಲದ ಧೈರ್ಯದಲ್ಲಿ, ಯಾರಿಗೂ ಕೇಳಿಸದು ಎಂಬ ಭರವಸೆಯಲ್ಲಿ, ಮೈಕಣ್ಣ ಆ ಮಾತನ್ನು ಕೊನೆಗೂ ಹೇಳಿಯೇಬಿಟ್ಟ.

"ನಿನ್ನ ಪಕ್ಕ ಕೂತ್ಕೋಬೇಕು ಅಂತ ಇಷ್ಟೆಲ್ಲ ಮಾಡಿದ್ದು ಕಣೇ. ನೀನು ಪಕ್ಕದಲ್ಲಿದ್ರೆ ನನಗೆ ಇನ್ನೇನೂ ಬೇಡ."

ಹೆಂಡತಿಯ ಕೈ ಗೇರ್ ಕಡೆಗೆ ಹೋಗುತ್ತಿತ್ತು. ಏನೋ ಗುಂಯ್‌ಗುಟ್ಟಿದಂತಾಗಿ ಕತ್ತು ವಾಲಿಸಿದಳು.

"ಅತ್ತೆ, ಇವರು ಹಿಂದೆ ಏನೋ ಅಂತಿದ್ದಾರಲ್ಲ, ಏನಂತೆ?"

ಅಮ್ಮ ಕಾಲು ಚಾಚಿ ಆರಾಮವಾಗಿ ಕೂತಿದ್ದರು. ತಿರುಗಿ ನೋಡುವ ಗೋಜಿಗೂ ಹೋಗಲಿಲ್ಲ.

"ಇನ್ನೇನಂತಾನೆ, ಗೇರ್ ಅಂತಾನೆ."

ಗೇರಿನತ್ತ ಹೋಗುತ್ತಿದ್ದ ಕೈ ಹಿಂದಕ್ಕೆ ಬಂದು ಸ್ಟೀರಿಂಗ್ ಮೇಲೆ ಕೂತಿತು. ತಮ್ಮನ ಮನೆಯ ಬಾಗಿಲು ಮುಟ್ಟುವವರೆಗೂ ಕಾರು ಎರಡನೇ ಗೇರಿನಲ್ಲೇ ಅರಚುತ್ತ ಹತ್ತಿತು.