ಹಳೇದು ಕೊಟ್ಟು ಹೊಸದು

ಕೊಡೆ ಗುಮಾಸ್ತ ಬೆಳಗ್ಗೆ ಕಚೇರಿಗೆ ಬಂದಾಗ ಅವನ ಮೇಜಿನ ಮೇಲೆ ಬಿಳಿ ರಟ್ಟಿನ ಪೆಟ್ಟಿಗೆಯೊಂದು ಕೂತಿತ್ತು. ಹೊಸ ಕಂಪ್ಯೂಟರ್. ಅದನ್ನು ಕಂಡದ್ದೇ ಅವನು ಊಟದ ಡಬ್ಬಿಯನ್ನು ಅದಕ್ಕೂ ತನ್ನ ಹಳೇ ಕಂಪ್ಯೂಟರಿಗೂ ನಡುವೆ ಅಡ್ಡ ಇಟ್ಟ.

ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನನ್ನು ದಾಖಲು ಮಾಡಿ ಇಡುವುದು ಅವನ ಕೆಲಸ. ಬರುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಆ ಹೆಸರು ಅಂಟಿತ್ತು. ‘ಕೊಡೆ, ಒಂದು. ಕಪ್ಪು. ಬಳಸಿದ್ದು. ಕಡ್ಡಿ ಬಾಗಿದೆ’ ಎಂದು ಹದಿನಾಲ್ಕು ವರ್ಷದಿಂದ ಒಂದೇ ಕಂಪ್ಯೂಟರಿನಲ್ಲಿ ಬಡಿಯುತ್ತಿದ್ದ. ಶುರುವಾಗುವಾಗ ಅದು ದಮ್ಮು ಹಿಡಿದ ಅಜ್ಜನ ಹಾಗೆ ಕೆಮ್ಮುತ್ತಿತ್ತು, ನಿಜ. ಆದರೆ ಒಂದು ದಿನವೂ ರಜೆ ಕೇಳಿದ್ದಿಲ್ಲ.

ಅವನಿಗೆ ಹೆದರಿಕೆ ಇದ್ದದ್ದು ಹೊಸ ಕಂಪ್ಯೂಟರಿನದಲ್ಲ, ಅದರ ಹಿಂದೆ ಬರುವುದರದ್ದು. ಹೋದ ತಿಂಗಳು ಉಗ್ರಾಣದಣ್ಣನ ಮೇಜಿಗೆ ಹೊಸದು ಬಂತು. ಮಾರನೆಯ ದಿನ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದ. ಅದೇ ಸ್ವೆಟರು, ಅದೇ ಹಳಸಲು ಜೋಕು, ಆದರೆ ತಲೆ ತುಂಬ ಕೂದಲು. ಹಳಬ ಜೋಕು ಹೇಳುವ ಮೊದಲೇ ನಕ್ಕುಬಿಡುತ್ತಿದ್ದ. ಇವನು ಹೇಳಿ ಮುಗಿಸಿ, ಒಂದು ಗಳಿಗೆ ಬಿಟ್ಟು, ಅಳತೆಯಾಗಿ ನಗುತ್ತಿದ್ದ. ಆಮೇಲೆ ಟೈಪಿಸ್ಟ್ ಅಕ್ಕ. ಮೆಟ್ಟಿಲಿಗೊಂದು ‘ಅಯ್ಯಮ್ಮಾ’ ಇಟ್ಟು ಹತ್ತುತ್ತಿದ್ದವಳು ಈಗ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಳು. ಸಾಹೇಬರ ಕಿವಿಗೆ ಹಾಕಿದರೆ, “ಕೆಲಸ ಆಗ್ತಿದೆಯಲ್ಲಪ್ಪ?” ಎಂದಷ್ಟೇ ಕೇಳಿದರು.

ಇನ್ನೊಂದು ಮಾತಿತ್ತು. ಹೊಸದು ಕೊಟ್ಟು ಹಳೇದನ್ನು ಒಯ್ಯುತ್ತೇವೆ ಎಂಬುದು ಕಂಪ್ಯೂಟರ್ ಕಂಪನಿಯ ಕರಾರು. ಎರಡು ಸಲವೂ ವ್ಯಾನು ಬಂದು ಹೋಗಿತ್ತು. ಆದರೆ ಹಳೇ ಕಂಪ್ಯೂಟರುಗಳು ಎರಡೂ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಬಿದ್ದಿದ್ದವು. ಹಾಗಾದರೆ ವ್ಯಾನಿನವರು ಒಯ್ದದ್ದೇನು ಎಂದು ಯೋಚಿಸಲು ಹೋಗಿ ಅವನು ಅರ್ಧಕ್ಕೇ ನಿಲ್ಲಿಸಿದ್ದ.

ಇವತ್ತು ಅವನು ಕುರ್ಚಿಗೆ ಉಡದ ಹಾಗೆ ಅಂಟಿ ಕೂತ.

“ತಗೊಂಡ್ಬಿಡೋ, ಏನೂ ಗೊತ್ತಾಗಲ್ಲ,” ಎಂದ ಉಗ್ರಾಣದಣ್ಣ.

“ಮಂಡಿನೋವೂ ಹೋಗುತ್ತೆ ಅಣ್ಣ,” ಎಂದಳು ಟೈಪಿಸ್ಟ್ ಅಕ್ಕ.

ಕಂಪ್ಯೂಟರಿಗೂ ಮಂಡಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಸಾಲದೆ, ಅವನು ತನ್ನ ಎಡಮಂಡಿಯನ್ನು ಮೇಜಿನ ಕೆಳಕ್ಕೆ ಇನ್ನಷ್ಟು ಒಳಗೆ ಎಳೆದುಕೊಂಡ.

ಹನ್ನೊಂದಕ್ಕೆ ಕಂಪನಿಯವನು ಬಂದ. ಇಸ್ತ್ರಿ ಮಾಡಿದ್ದು ಅಂಗಿಯನ್ನೋ ಮುಖವನ್ನೋ ತಿಳಿಯದಷ್ಟು ನಯವಾಗಿದ್ದ. ಅಷ್ಟರಲ್ಲಿ ಮುದುಕಿಯೊಬ್ಬಳು ತನ್ನ ಕೊಡೆ ಹುಡುಕಿಕೊಂಡು ಬಂದಳು. ಯಾವುದು ಬೇಗ ಹುಡುಕುತ್ತದೋ ಅದೇ ಉಳಿಯಲಿ ಎಂದು ಸಾಹೇಬರು ಪಂದ್ಯ ಕಟ್ಟಿದರು. ಹಳೇ ದಾಖಲೆಯನ್ನೆಲ್ಲ ತುಂಬಿಸಿಕೊಂಡ ಹೊಸದು ಕಣ್ಣು ಮಿಟುಕಿಸುವುದರಲ್ಲಿ ನಾನೂರ ಹನ್ನೆರಡು ಕಪ್ಪು ಕೊಡೆಗಳನ್ನು ತೋರಿಸಿ ಸುಮ್ಮನಾಯಿತು. ಹಳೇದು ಎರಡು ಸಲ ಕೆಮ್ಮಿ ಒಂದೇ ಒಂದನ್ನು ತೋರಿಸಿತು: ‘ಹಿಡಿಯ ಮೇಲೆ ಹಲ್ಲಿನ ಗುರುತು.’

“ನಮ್ಮ ನಾಯೀದು,” ಎಂದು ಮುದುಕಿ ಕೊಡೆಯನ್ನು ಎದೆಗೊತ್ತಿಕೊಂಡಳು.

ಸಾಹೇಬರು ಕಂಪನಿಯ ಚೀಟಿಯ ಮೇಲೆ ‘ಸದ್ಯಕ್ಕೆ ಬೇಡ’ ಎಂದು ಬರೆದರು.

ಕಂಪನಿಯವನು ಬೇಸರ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆ ಕಟ್ಟುತ್ತ ಗುಮಾಸ್ತನ ಕಡೆ ತಿರುಗಿ, “ಕಚೇರೀದು ಗಟ್ಟಿ ಇದೆ ಬಿಡಿ ಸರ್. ಮನೇಲಿರೋದು?” ಎಂದ.

ಗೆದ್ದ ಹುಂಜ ಕೂಗದೆ ಇರುತ್ತದೆಯೇ? “ಅದು ಇದಕ್ಕಿಂತ ಹಳೇದು, ಗುಂಡುಕಲ್ಲಿನ ಹಾಗಿದೆ. ಹೊಸದು ತನ್ನಿ ಅಂತ ಹೆಂಡತಿ ದಿನಾ ಬೈತಾಳೆ, ನಾನು ಜಗ್ಗಿಲ್ಲ.” ಮನೆ ಎಲ್ಲಿ ಬಂತು ಎಂದು ಕಂಪನಿಯವನು ಕೇಳಿದ್ದಕ್ಕೆ ಗುಮಾಸ್ತ ಬೀದಿ, ತಿರುವು, ಗೇಟಿನ ಬಣ್ಣ ಎಲ್ಲವನ್ನೂ ಹೇಳಿ ಜೋರಾಗಿ ನಕ್ಕ. ಕಂಪನಿಯವನೂ ನಕ್ಕ. ಒಂದು ಗಳಿಗೆ ಬಿಟ್ಟು, ಅಳತೆಯಾಗಿ.

ಸಂಜೆ ಐದೂವರೆಗೆ ಕೊಡೆ ಗುಮಾಸ್ತ ಸಿಳ್ಳೆ ಹಾಕುತ್ತ ಮನೆ ತಲುಪಿದ. ಗೇಟಿನ ಬಳಿ ವ್ಯಾನೊಂದು ನಿಂತಿತ್ತು. ಸಿಳ್ಳೆ ನಿಂತಿತು. ಬಾಗಿಲು ತಟ್ಟಿದ.

ಹೆಂಡತಿ ಅರ್ಧ ಬಾಗಿಲು ತೆರೆದಳು. “ಯಾರು ಬೇಕಿತ್ತು?”

“ನಾನು ಕಣೇ.”

ಅವಳು ಬಾಗಿಲನ್ನು ಇನ್ನೂ ಸ್ವಲ್ಪ ಮುಚ್ಚಿದಳು. ಉಳಿದ ಸಂದಿಯಲ್ಲಿ ಖಾಲಿ ಬಿಳಿ ಪೆಟ್ಟಿಗೆ ಕಂಡಿತು. ಅದರಾಚೆ ಅವನದೇ ಕುರ್ಚಿಯಲ್ಲಿ, ಅವನದೇ ಮನೆಯಂಗಿ ತೊಟ್ಟು, ಅವನದೇ ಬಾಯೊಡೆದ ಕಪ್ಪಿನಲ್ಲಿ ಯಾರೋ ಕಾಫಿ ಕುಡಿಯುತ್ತಿದ್ದ. ಅವನ ಡೊಳ್ಳುಹೊಟ್ಟೆ ಮಾತ್ರ ಇರಲಿಲ್ಲ.

“ಯಾರೇ ಅದು?” ಒಳಗಿನಿಂದ ಬಂದದ್ದು ಅವನದೇ ದನಿ.

“ಗೊತ್ತಿಲ್ಲ ರೀ. ಹಳೇದು ತಗೊಂಡು ಹೋಗೋರು ಅನ್ಸುತ್ತೆ.”

“ಅಲ್ಲಮ್ಮ, ಅದು ನಾವು,” ಎಂದಿತು ಅವನ ಬೆನ್ನ ಹಿಂದಿನಿಂದ ಒಂದು ನಯವಾದ ದನಿ. ಜಗಲಿಯ ಮೇಲೆ ಮನೆಯ ಹಳೇ ಕಂಪ್ಯೂಟರ್ ಕೂತಿತ್ತು. ವ್ಯಾನಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರು ಅವನ ರಟ್ಟೆ ಹಿಡಿದರು. ಮೂರನೆಯವನು ಪುಸ್ತಕ ತೆಗೆದು, ಬರೆಯುತ್ತ ಓದಿದ:

“ಗುಮಾಸ್ತ, ಒಂದು. ಬಳಸಿದ್ದು. ಮಂಡಿ ಬಾಗಿದೆ.”

“ಎಡಮಂಡಿ,” ಎಂದು ಕೊಡೆ ಗುಮಾಸ್ತ ಅಭ್ಯಾಸಬಲದಿಂದ ತಿದ್ದಿದ.