ನಿಂತಲ್ಲೇ ನೂರು ಮೈಲಿ

ಕಾರಿದ್ದವರ ಮನೆಯಲ್ಲಿ ಕಾರು ಒಂದು ಕಡೆ ಇರುತ್ತದೆ, ಮನೆಯವರು ಒಂದು ಕಡೆ ಇರುತ್ತಾರೆ. ನಮ್ಮಲ್ಲಿ ಆ ಭೇದಭಾವವಿಲ್ಲ. ಕಾರ್ಬ್ಯುರೇಟರು ನಾನು ಹಿಟ್ಟು ಕಲಸುವ ಬೋಗುಣಿಯಲ್ಲಿ ಸೀಮೆಎಣ್ಣೆ ಕುಡಿಯುತ್ತ ಮಲಗಿದೆ. ನಾಲ್ಕು ಚಕ್ರಗಳು ನಮ್ಮ ಮಂಚದ ಕೆಳಗಿವೆ. (ಕಾರು ಮಾತ್ರ ಪಕ್ಕದ ಶೆಡ್ಡಿನಲ್ಲಿ, ಇಟ್ಟಿಗೆಗಳ ಮೇಲೆ.) ಬಾಗಿಲ ಹಿಡಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ, ಕನ್ನಡಕ ಎಲ್ಲಿದೆಯೋ ತಿಳಿಯದು. ಒಂದೊಂದು ನಟ್ಟಿಗೂ ನನ್ನವರು ಹೆಸರಿನ ಚೀಟಿ ಕಟ್ಟಿದ್ದಾರೆ. ಮದುವೆಯಾಗಿ ಆರು ವರ್ಷವಾಯಿತು, ನನ್ನನ್ನು ಇಂದಿಗೂ ‘ಏನೇ’ ಎಂದೇ ಕರೆಯುತ್ತಾರೆ.

ಈ ಕೆಲಸಕ್ಕೆ ಅವರು ಕೊಟ್ಟ ಹೆಸರು ಜೀರ್ಣೋದ್ಧಾರ. ಮೂರು ವರ್ಷದಿಂದ ನಡೆಯುತ್ತಿದೆ. ಜೀರ್ಣವಾದದ್ದು ನಾನು; ಉದ್ಧಾರ ಇನ್ನೂ ಆಗಬೇಕಿದೆ.

ಕಾರು ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಶೆಡ್ಡಿನ ಬಾಗಿಲನ್ನೇ ಯಾರೂ ತೆಗೆದಿರಲಿಲ್ಲವಂತೆ. ಮಗನಿಗೆ ಇದ್ದಕ್ಕಿದ್ದಂತೆ ಪಿತೃಭಕ್ತಿ ಉಕ್ಕಿತು. ಕಚೇರಿಯಿಂದ ಆರು ಗಂಟೆಗೆ ಬಂದವರೇ ಕಾರಿನ ಕೆಳಗೆ ತೂರಿಬಿಡುತ್ತಾರೆ. ಈ ಮೂರು ವರ್ಷದಲ್ಲಿ ನಾನು ಅವರ ಮುಖಕ್ಕಿಂತ ಹೆಚ್ಚಾಗಿ ನೋಡಿರುವುದು ಅವರ ಅಂಗಾಲನ್ನು.

ನನಗೂ ಆ ಶೆಡ್ಡು ಬೇಕಿತ್ತು. ನಾನು ಹೊಲಿಗೆ ಮಾಡುತ್ತೇನೆ. ಮಲಗುವ ಕೋಣೆಯಲ್ಲಿ, ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕ ನಾಲ್ಕು ಅಡಿಯಲ್ಲಿ ನನ್ನ ಕಾಲಲ್ಲಿ ತುಳಿಯುವ ಮಿಷನ್ನು, ಬಟ್ಟೆ ಚೂರಿನ ಬುಟ್ಟಿ, ನಾನು. ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದು ನೋಡಿ, “ಎರಡು ಮಿಷನ್ ಹಾಕೋ ಅಷ್ಟು ಜಾಗ ಮಾಡ್ಕೊಳ್ಳಿ. ಮುಂದಿನ ವರ್ಷದ ಯೂನಿಫಾರ್ಮ್ ಅಷ್ಟೂ ನಿಮಗೇ” ಎಂದು ಹೇಳಿಹೋಗಿದ್ದರು. ಅಂದಿನಿಂದ ಶೆಡ್ಡಿನ ಕಿಟಕಿಗೆ ಯಾವ ಬಣ್ಣದ ಪರದೆ ಎಂಬುದನ್ನೂ ನಾನು ಮನಸ್ಸಿನಲ್ಲಿ ನಿರ್ಧರಿಸಿಬಿಟ್ಟಿದ್ದೆ. ತಿಳಿನೀಲಿ.

ಕಳೆದ ವರ್ಷ ಒಂದು ದಿನ ನನ್ನವರು ಕೈಯೆಲ್ಲ ಮಸಿ ಮಾಡಿಕೊಂಡು ಒಳಗೆ ಓಡಿಬಂದು, “ಏನೇ, ಕಾರು ಓಡಿತು!” ಎಂದರು. ಹೊರಗೆ ಹೋಗಿ ನೋಡಿದರೆ ಅವರೂ ಅವರ ಗುರುಗಳಾದ ಮೆಕ್ಯಾನಿಕ್ಕು ಗ್ರೀಸ್ ಮಾಮನೂ ಸೇರಿ ಅದನ್ನು ಇಳಿಜಾರಿನಲ್ಲಿ ತಳ್ಳಿದ್ದರು. ವಾಪಸು ತಳ್ಳಲು ಬೀದಿಯ ಜನವೆಲ್ಲ ಸೇರಬೇಕಾಯಿತು. ನಾನು ಅವತ್ತೇ ಒಂದು ಕರಾರು ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ.

“ಓಡಿತು, ಓಡುತ್ತೆ, ಓಡಿದ ಹಾಗೆ ಅನ್ನೋ ಮಾತೆಲ್ಲ ಬೇಡ. ನಾನು ನಂಬೋದು ಮೀಟರ್ ಒಂದನ್ನೇ” ಎಂದೆ.

ಕರಾರು ಹೀಗಿತ್ತು: ಈಗ ಕಾರಿನ ಮೈಲಿ ಮೀಟರು ತೋರಿಸುತ್ತಿರುವುದು ನಲವತ್ತೊಂದು ಸಾವಿರದ ಇನ್ನೂರ ಏಳು. ಇಂದಿಗೆ ವರ್ಷ ತುಂಬುವ ದಿನ ಸಂಜೆ ನಾಲ್ಕಕ್ಕೆ ಅದು ಕನಿಷ್ಠ ನಲವತ್ತೊಂದು ಸಾವಿರದ ಮುನ್ನೂರ ಏಳು ತೋರಿಸಬೇಕು. ತೋರಿಸಿದರೆ ಕಾರು ಇರತಕ್ಕದ್ದು. ಇಲ್ಲವಾದರೆ ಕಾರು ಗುಜರಿಗೆ, ಶೆಡ್ಡು ನನಗೆ. ಅವರು ರುಜು ಹಾಕಿದರು. ಅತ್ತೆ ಸಾಕ್ಷಿ ಹಾಕಿದರು. ಅಷ್ಟು ಅಚ್ಚುಕಟ್ಟಾಗಿ ಬರೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹನ್ನೊಂದು ತಿಂಗಳು ಕಳೆದವು. ಎಂಜಿನ್ನು ಹೊರಬಂದು ಒಳಗೆ ಹೋಗಿ ಮತ್ತೆ ಹೊರಬಂತು. ಮೀಟರು ಕದಲಲಿಲ್ಲ. ಆಮೇಲೆ ಶುರುವಾಯಿತು.

ಅವತ್ತು ಮಧ್ಯಾಹ್ನ ಹೊಲಿಯಲು ಕೂತರೆ ಮಿಷನ್ನು ಭಾರ. ತುಳಿಯುವಾಗ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ಎಣ್ಣೆ ಬಿಟ್ಟೆ, ಆದರೂ ಅಷ್ಟೆ. ವಯಸ್ಸಾಯಿತೇನೋ ಎಂದುಕೊಂಡೆ. (ಮಿಷನ್ನಿಗೆ.) ಸ್ವಲ್ಪ ಹೊತ್ತಿಗೆ ಗೋಡೆಯೊಳಗಿಂದ ಒಂದು ಸದ್ದು ಬಂತು. ಸಣ್ಣಗೆ, ಎಡೆಬಿಡದೆ, ಎಲ್ಲೋ ದೂರದ ಏರಿನಲ್ಲಿ ಯಾರೋ ಒಂಟಿಯಾಗಿ ಗಾಡಿ ಹತ್ತಿಸುತ್ತಿರುವಂತೆ. ಗೋಡೆಯ ಆಚೆಗೆ ಶೆಡ್ಡು. ಶೆಡ್ಡಿನಲ್ಲಿ ಕಾರು. ಕಾರಿನಲ್ಲಿ ಎಂಜಿನ್ನಿಲ್ಲ, ಅದು ಹಿತ್ತಲಲ್ಲಿ ಗೋಣಿ ಹೊದ್ದು ಕೂತಿದೆ.

ಸರಿಯಾಗಿ ಕೇಳೋಣವೆಂದು ತುಳಿಯುವುದನ್ನು ನಿಲ್ಲಿಸಿದೆ. ಸದ್ದು ನಿಂತಿತು. ತುಳಿದೆ. ಬಂತು. ನಿಲ್ಲಿಸಿ ಉಸಿರು ಬಿಗಿಹಿಡಿದೆ. ಗೋಡೆಯೂ ಉಸಿರು ಬಿಗಿಹಿಡಿಯಿತು.

ನಾನು ವಿಜ್ಞಾನದಲ್ಲಿ ಪದವಿ ಪಡೆದವಳು. ಘರ್ಷಣೆಯ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದು ಒಂಬತ್ತು ತೆಗೆದುಕೊಂಡವಳು. ಅಂಥ ನನ್ನ ಮೆದುಳು ಅವತ್ತು ಬಂದು ತಲುಪಿದ ತೀರ್ಮಾನ ಇದು: ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅದಕ್ಕೆ ಗೊತ್ತಾಗುತ್ತಿದೆ.

ಶೆಡ್ಡಿಗೆ ಹೋದೆ. ತಗಡಿನ ತೂತುಗಳಿಂದ ಬಿಸಿಲು ಕಡ್ಡಿಕಡ್ಡಿಯಾಗಿ ಇಳಿದು ಕಾರಿನ ಮೈಮೇಲೆ ನಿಂತಿತ್ತು. ದೀಪಗಳಿಲ್ಲದ ಎರಡು ಗುಳಿಗಳು ನನ್ನನ್ನು ನೋಡುತ್ತಿದ್ದವು. ಒಳಗೆ ಹಳೆಯ ಚರ್ಮದ ವಾಸನೆ, ಅದರ ಜೊತೆಗೆ ಯಾರದೋ ತಲೆಯೆಣ್ಣೆಯ ವಾಸನೆ. ವೇಗದ ಮುಳ್ಳು ಸೊನ್ನೆಯ ಮೇಲೆ ತೆಪ್ಪಗೆ ಬಿದ್ದಿತ್ತು, ಬೆಲ್ಲ ಕದ್ದು ತಿಂದು ನಿದ್ದೆ ಬಂದಂತೆ ನಟಿಸುವ ಮಗುವಿನ ಹಾಗೆ. ಅದರ ಕೆಳಗೆ ಮೈಲಿ. ಇನ್ನೂರ ಹನ್ನೊಂದು.

ಚಕ್ರವಿಲ್ಲದ, ಎಂಜಿನ್ನಿಲ್ಲದ, ಇಟ್ಟಿಗೆಯ ಮೇಲೆ ನಿಂತ ಕಾರು ನಾಲ್ಕು ಮೈಲಿ ಹೋಗಿಬಂದಿತ್ತು.

ಮರುದಿನ ಇನ್ನೂರ ಹದಿನಾರು. ಅದರ ಮರುದಿನ ನಾನು ಯಾರದೋ ಮನೆಯ ಉದ್ದುದ್ದ ಪರದೆಗಳನ್ನು ಹೊಲಿಯುತ್ತ ಗೋಡೆಯ ಗೊಣಗಾಟ ಕೇಳಿ ಕೇಳಿ ಬೆವರಿದೆ. ಸಂಜೆ ನೋಡಿದರೆ ಇನ್ನೂರ ಇಪ್ಪತ್ತೇಳು. ಭಾನುವಾರ ಕದಲಲಿಲ್ಲ. ದೆವ್ವಕ್ಕೂ ವಾರದ ರಜೆ ಇದೆ ಎಂದು ನನಗೆ ಗೊತ್ತಾದದ್ದೇ ಆಗ. ನಡುವೆ ನಾನು ಜ್ವರದಿಂದ ಎರಡು ದಿನ ಮಲಗಿದೆ. ಆ ಎರಡು ದಿನವೂ ಅದು ಓಡಲಿಲ್ಲ. ಎಷ್ಟಾದರೂ ಸೊಸೆ ಎಂಬ ಕರುಣೆ ಇರಬಹುದು ಎಂದುಕೊಂಡು ಕಣ್ಣೊರೆಸಿಕೊಂಡೆ.

ನನ್ನವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಬೀರುವಿನ ಬಾಗಿಲಲ್ಲಿ ನನ್ನದೇ ಕೈಬರಹವಿತ್ತು. ಅದರಲ್ಲಿ ‘ಮೀಟರು ತೋರಿಸಬೇಕು’ ಎಂದಿತ್ತೇ ಹೊರತು, ಓಡಿಸುವವರು ಬದುಕಿರಬೇಕು ಎಂದಿರಲಿಲ್ಲ. ಆದ್ದರಿಂದ ಭಯವನ್ನು ನುಂಗಿಕೊಂಡು, ಮೀಟರಿನ ಮೇಲೆ ಒಂದು ಒರೆಸುವ ಬಟ್ಟೆ ಹೊದಿಸಿ ಬಂದೆ.

ಅತ್ತೆಗೆ ಊಟವಾದ ಮೇಲೆ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಅಭ್ಯಾಸ. ಅಲ್ಲಿ ತಂಪು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ದಾರ ತುಂಡಾಗಿ ನಾನು ಸೂಜಿಗೆ ಪೋಣಿಸುತ್ತಿದ್ದಾಗ ಗೋಡೆಯಾಚೆ ಅವರ ದನಿ ಕೇಳಿತು.

“ಯಾಕೆ ನಿಲ್ಲಿಸಿದ್ರಿ? ಊರು ಇನ್ನೂ ದೂರ ಇದೆ.”

ನನ್ನ ಬೆನ್ನಹುರಿಯಲ್ಲಿ ಯಾರೋ ಹಸಿ ಹೊಲಿಗೆ ಹಾಕಿದಂತಾಯಿತು. ಎದ್ದು ಓಡಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತಿದ್ದರು. ಮೀಟರಿನ ಬಟ್ಟೆ ಮಡಿಸಿ ಮಡಿಲಲ್ಲಿಟ್ಟುಕೊಂಡಿದ್ದರು.

“ಅತ್ತೆ, ಯಾರ ಜೊತೆ ಮಾತಾಡ್ತಿದ್ರಿ?”

“ನಿಮ್ಮ ಮಾವನ ಜೊತೆ. ಇನ್ಯಾರು ಓಡಿಸ್ತಾರೆ ಇದನ್ನ?” ಎಂದರು, ಹಾಲು ಬಂತೇ ಎಂದು ಕೇಳುವಷ್ಟು ಸಹಜವಾಗಿ. “ಮುಳ್ಳು ನಲವತ್ತರವರೆಗೂ ಏರುತ್ತಮ್ಮ. ಮುಂಚೆಯೆಲ್ಲ ಅವರ ಅಕ್ಕ ಮುಂದೆ ಕೂರೋರು, ನನಗೆ ಯಾವಾಗಲೂ ಹಿಂದೆ. ಮುಳ್ಳು ನೋಡ್ಕೊಂಡು ಕೂರೋದೇ ನನ್ನ ಕೆಲಸ. ಈಗೇನೋ ಪಾಪ, ಮಾತು ಮಾತಿಗೂ ನಿಲ್ಲಿಸ್ತಾರೆ. ಇವತ್ತು ಐದು ಕಡೆ ನಿಲ್ಲಿಸಿದ್ರು. ಜ್ವರ ಗಿರ ಬಂದಿತ್ತೋ ಏನೋ, ಆ ಎರಡು ದಿನ ಬರಲೇ ಇಲ್ಲ.”

“ನಿಮಗೆ ಭಯ ಆಗಲ್ವಾ ಅತ್ತೆ?”

“ಭಯ ಯಾಕೆ? ಲೈಸೆನ್ಸ್ ಇತ್ತಲ್ಲ ಅವರಿಗೆ!”

ಏಳುವಾಗ ಅವರು ಬಟ್ಟೆಯನ್ನು ಮತ್ತೆ ಮೀಟರಿನ ಮೇಲೆ ಹೊದಿಸಿ ತುದಿ ಸರಿಪಡಿಸಿದರು, ಮಲಗಿದವರಿಗೆ ಹೊದಿಸುವ ಹಾಗೆ. ನಾನು ಒಳಗೆ ಬಂದು ಒಂದು ಚೊಂಬು ನೀರು ಕುಡಿದೆ.

ಆಮೇಲಿನ ದಿನಗಳು ನನಗೂ ಮಾವನವರಿಗೂ ನಡೆದ ಪಂದ್ಯ. ನನಗೆ ಶಾಲೆಯವರು ಈ ವರ್ಷಕ್ಕೆಂದು ಕೊಟ್ಟಿದ್ದ ಸಣ್ಣ ಯೂನಿಫಾರ್ಮ್ ಆರ್ಡರು ಮುಗಿಸಬೇಕಿತ್ತು, ಅವರಿಗೆ ಮೈಲಿ ಮುಗಿಸಬೇಕಿತ್ತು. ಭಯ ಮರೆಯಲು ನಾನು ಜೋರಾಗಿ ಹೊಲಿದಷ್ಟೂ ಅವರು ಜೋರಾಗಿ ಓಡಿಸಿದರು. ಕೆಲವು ದಿನ ಏಳು, ಎಂಟು, ಒಂಬತ್ತು ಮೈಲಿ. ಸಂಜೆ ಕದ್ದು ಹೋಗಿ ಬಟ್ಟೆ ಎತ್ತಿ ನೋಡಿ, ಖಾಲಿ ಸೀಟಿಗೆ ಕೈಮುಗಿದು, “ಮಾವ, ಸ್ವಲ್ಪ ನಿಧಾನ” ಎಂದು ಬೇಡಿಕೊಂಡು ಬರುತ್ತಿದ್ದೆ.

ಕರಾರಿನ ದಿನ ಬಂತು. ಬೆಳಿಗ್ಗೆ ಬಟ್ಟೆ ಎತ್ತಿದೆ. ಮುನ್ನೂರ ಆರು. ಒಂದೇ ಒಂದು ಮೈಲಿ ಬಾಕಿ! ಮಾವನವರು ಸುಸ್ತಾಗಿರಬೇಕು. ಯೂನಿಫಾರ್ಮು ಹಿಂದಿನ ದಿನವೇ ಮುಗಿದಿತ್ತು. ಮಿಷನ್ನಿಗೆ ಕೆಲಸವಿರಲಿಲ್ಲ, ಮಧ್ಯಾಹ್ನದವರೆಗೆ ಗೋಡೆಯೂ ಸುಮ್ಮನಿತ್ತು. ಗೆದ್ದೆ ಎಂದುಕೊಂಡೆ. ಗುಜರಿಯವನಿಗೆ ನಾಲ್ಕಕ್ಕೆ ಬರಹೇಳಿದ್ದೆ. ಎರಡರವರೆಗೆ ಮನೆಯೆಲ್ಲ ಸುತ್ತಾಡಿದೆ. ಸಂತೋಷದಲ್ಲಿ ಕೈ ಸುಮ್ಮನಿರಬೇಕಲ್ಲ! ತೆಗೆದಿಟ್ಟಿದ್ದ ತಿಳಿನೀಲಿ ಬಟ್ಟೆ ಹೊರತೆಗೆದು, ಶೆಡ್ಡಿನ ಕಿಟಕಿಗೆಂದು ಪರದೆ ಹೊಲಿಯಲು ಕೂತೆ. ಗೋಡೆ ಗುಂಯ್ಗುಟ್ಟಿತು. ಗುಂಯ್ಗುಟ್ಟಲಿ, ಇನ್ನೆರಡು ಗಂಟೆಯ ಅತಿಥಿ ಎಂದು ಅಂಚಿಗೆ ನೆರಿಗೆಯನ್ನೂ ಕೊಟ್ಟೆ.

ನಾಲ್ಕಕ್ಕೆ ಗುಜರಿಯವನು ತಳ್ಳುಗಾಡಿ, ಸುತ್ತಿಗೆ ಸಮೇತ ಬಂದ. ನನ್ನವರು ಅರ್ಧ ದಿನ ರಜೆ ಹಾಕಿ ಬಂದು, ಕಾರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಆ ಮುಖ ನೋಡಲಾಗದೆ ನಾನು ಸುತ್ತಿಗೆಯನ್ನು ನೋಡಿದೆ. ಅತ್ತೆ ಹಿಂದಿನ ಸೀಟಿನಿಂದ ಇಳಿಯಲೇ ಇಲ್ಲ.

“ಅಮ್ಮ, ಇಳಿ” ಎಂದರು ಇವರು.

“ನನ್ನನ್ನೂ ತೂಕಕ್ಕೆ ಹಾಕಿಸು” ಎಂದರು ಅತ್ತೆ.

ನಾನು ಕರಾರಿನ ಕಾಗದವನ್ನು ಗುಜರಿಯವನ ಕೈಗೆ ಕೊಟ್ಟೆ. ಅವನು ಅದನ್ನು ಸರ್ಕಾರಿ ಆದೇಶದಂತೆ ಗಟ್ಟಿಯಾಗಿ ಓದಿದ. ಆಮೇಲೆ ಒಳಗೆ ತಲೆ ಹಾಕಿ ಮೀಟರಿನ ಬಟ್ಟೆ ತೆಗೆದ.

“ಅಕ್ಕಾ, ಮುನ್ನೂರ ಎಂಟು.”

“ಆರು!” ಎಂದು ಕೂಗಿದೆ. “ಬೆಳಿಗ್ಗೆ ಆರಿತ್ತು! ನಾನೇ ನೋಡಿದೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಬೆಳಿಗ್ಗೆ ನೋಡಿದ್ಯಾ?” ಎಂದರು ನನ್ನವರು. “ಅಂದ್ರೆ ಓಡ್ತಿರೋದು ನಿನಗೆ ಗೊತ್ತಿತ್ತಾ?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಗೋಡೆಯ ಸದ್ದು, ಭಾನುವಾರದ ರಜೆ, ಐದು ಕಡೆ ನಿಲ್ಲಿಸಿದ್ದು. ಗುಜರಿಯವನು ಒಂದೊಂದು ಮಾತಿಗೂ ಒಂದೊಂದು ಹೆಜ್ಜೆ ಹಿಂದೆ ಸರಿದು, ಕಡೆಗೆ ರಸ್ತೆಯಲ್ಲಿ ನಿಂತು ಕೇಳಿಸಿಕೊಂಡ. ನನ್ನವರ ಮುಖ ಮೊದಲು ಬಿಳಿಚಿಕೊಂಡಿತು. ಆಮೇಲೆ ಹಣೆ ಚಚ್ಚಿಕೊಂಡರು.

“ಅಯ್ಯೋ, ಕೇಬಲ್ಲು! ನಾನೇ ಮರೆತಿದ್ದೆ. ನಿನಗೆ ಹೇಳಿದ್ನಲ್ಲೇ?”

“ಏನು ಹೇಳಿದ್ರಿ? ಯಾವಾಗ?”

“ಹೋದ ತಿಂಗಳು. ‘ಮೀಟರಿನ ಹಲ್ಲು ಇಪ್ಪತ್ತು ವರ್ಷದಿಂದ ತಿರುಗಿಲ್ಲ, ಒಮ್ಮೆಲೇ ತಿರುಗಿಸಿದ್ರೆ ಮುರಿಯುತ್ತೆ, ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ ಪಳಗಿಸು ಅಂತ ಗ್ರೀಸ್ ಮಾಮ ಅಂದಿದ್ದಾನೆ. ಮನೇಲಿ ದಿನಾ ತಿರುಗೋದು ನಿನ್ನ ಮಿಷನ್ ಒಂದೇ. ಅದಕ್ಕೆ ಕೇಬಲ್ ಸಿಗಿಸ್ಲಾ?’ ಅಂತ ಕೇಳಿದೆ. ನೀನು ಹೊಲೀತಾ ಹೊಲೀತಾ ‘ಹ್ಞೂಂ’ ಅಂದೆ.”

ಹೊಲಿಯುವಾಗ ನಾನು ಎಲ್ಲದಕ್ಕೂ ಹ್ಞೂಂ ಎನ್ನುತ್ತೇನೆ. ಆರು ವರ್ಷದ ಸಂಸಾರ ನಿಂತಿರುವುದೇ ಅದರ ಮೇಲೆ.

ಕೋಣೆಗೆ ಹೋಗಿ ಬಟ್ಟೆ ಚೂರಿನ ಬುಟ್ಟಿ ಸರಿಸಿದೆವು. ಮಿಷನ್ನಿನ ದೊಡ್ಡ ಚಕ್ರಕ್ಕೆ ಒತ್ತಿಕೊಂಡು ಒಂದು ಪುಟ್ಟ ರಬ್ಬರ್ ಉರುಳೆ ಇತ್ತು. ಅದರಿಂದ ಹೊರಟ ಕಪ್ಪು ಕೇಬಲ್ಲು ಗೋಡೆಯ ಹಳೆಯ ತೂತಿನಲ್ಲಿ ನುಸುಳಿ ಶೆಡ್ಡಿಗೆ ಹೋಗಿತ್ತು. ಒಂದು ತಿಂಗಳಿಂದ ಕಾರು ಓಡಿಸುತ್ತಿದ್ದವಳು ನಾನು. ಕೊನೆಯ ಎರಡು ಮೈಲಿಗೆ ನೆರಿಗೆ ಕೊಟ್ಟವಳೂ ನಾನೇ.

“ಕರಾರಿನ ಪ್ರಕಾರ...” ಎಂದು ನನ್ನವರು ಮೆಲ್ಲಗೆ ಶುರುಮಾಡಿದರು.

“ಬಾಯಿ ಮುಚ್ರೀ” ಎಂದೆ.

ಗುಜರಿಯವನು ತಳ್ಳುಗಾಡಿ ತಿರುಗಿಸಿಕೊಂಡು, “ಅಕ್ಕಾ, ಮಿಷನ್ನು ಕೊಡೋದಾದ್ರೆ ಹೇಳಿ” ಎಂದು ಹೋದ.

ಕೇಬಲ್ಲಿನ ಕಥೆ ಕೇಳಿದ ಅತ್ತೆ ಮಾತ್ರ ಹಿಂದಿನ ಸೀಟಿನಲ್ಲೇ ಸೊನ್ನೆಗೆ ಬಿದ್ದ ಮುಳ್ಳನ್ನೇ ನೋಡುತ್ತ ಕೂತಿದ್ದರು. “ಅದಕ್ಕೇ ಅಷ್ಟು ಕಡೆ ನಿಲ್ಲಿಸ್ತಿದ್ದೆ ನೀನು. ಅವರಾಗಿದ್ರೆ ನಿಲ್ಲಿಸ್ತಿರಲಿಲ್ಲ” ಎಂದು ಸೆರಗು ಕೊಡವಿ ಇಳಿದುಹೋದರು.

ಕೇಬಲ್ಲನ್ನು ನಾನೇ ಕಿತ್ತೆ. ಮರುದಿನ ಮಿಷನ್ನು ಹತ್ತಿಯಷ್ಟು ಹಗುರ. ಗೋಡೆ ಬರೀ ಗೋಡೆ. ಅತ್ತೆ ಊಟ ಮುಗಿಸಿ ಶೆಡ್ಡಿಗೆ ಹೋಗದೆ ಅಡುಗೆಮನೆಯ ಹೊಸ್ತಿಲಲ್ಲಿ ಕೈ ಕಟ್ಟಿ ಕೂತರು. ಆ ಮೌನ ಇದೆಯಲ್ಲ, ಅದರ ಮುಂದೆ ಒಂದು ತಿಂಗಳ ಗುಂಯ್ಗಾಟ ಏನೂ ಅಲ್ಲ. ಹತ್ತು ನಿಮಿಷ ತಡೆದೆ. ಆಮೇಲೆ ಬಗ್ಗಿ, ಉರುಳೆಯನ್ನು ಚಕ್ರಕ್ಕೆ ಒತ್ತಿ, ಕೇಬಲ್ಲನ್ನು ಮೊದಲಿನಂತೆ ಸಿಗಿಸಿ, ಏನೂ ಗೊತ್ತಿಲ್ಲದವಳಂತೆ ತುಳಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಶೆಡ್ಡಿನ ಬಾಗಿಲು ಕಿರುಗುಟ್ಟಿತು.

ಈಗ ಕಾರು ಇದೆ, ಶೆಡ್ಡಿಲ್ಲ. ಮುಖ್ಯೋಪಾಧ್ಯಾಯಿನಿ ದೊಡ್ಡ ಆರ್ಡರಿಗೆ ಬೇರೆ ಕಡೆ ವಿಚಾರಿಸುತ್ತಿದ್ದಾರಂತೆ. ತಿಳಿನೀಲಿ ಪರದೆ ಕಾರಿನ ಹಿಂದಿನ ಕಿಟಕಿಗೆ ಅಳತೆ ತೆಗೆದಂತೆ ಕೂತಿದೆ, ಅತ್ತೆಗೆ ಬಿಸಿಲು ತಾಕದು. ಪ್ರತಿ ಮಧ್ಯಾಹ್ನ ಗೋಡೆಯ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿತ ಕೇಳುತ್ತದೆ. ಮೊದಲಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದೆ. ಈಗ ಅರ್ಥ ಗೊತ್ತು: ಇನ್ನೂ ಸ್ವಲ್ಪ ಜೋರಾಗಿ ಹೋಗು, ಮುಳ್ಳು ಮೂವತ್ತರಲ್ಲೇ ಇದೆ.

ದಾರ ತುಂಡಾಗದಂತೆ ಎಚ್ಚರದಿಂದ ತುಳಿಯುತ್ತೇನೆ. ಈ ಮನೆಯ ದೆವ್ವಕ್ಕೆ ಮೂವತ್ತು ವರ್ಷ, ವಿಜ್ಞಾನದಲ್ಲಿ ಪದವಿ, ಲೈಸೆನ್ಸಿಲ್ಲ. ಭಾನುವಾರ ಮಾತ್ರ ರಜೆ.